ಕೊಳ್ಳೇಗಾಲಕ್ಕೆ ಟ್ರಿಕ್ಸಿ ಬಂದದ್ದು

ಕೊಳ್ಳೇಗಾಲದ ಬಸ್ ನಿಲ್ದಾಣದಿಂದ ಹೊರಬಂದು ಯಾವ ದಿಕ್ಕಿಗೆ ತಿರುಗಿದರೂ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಸಿಗುತ್ತದೆ. ಲಗ್ನಪತ್ರಿಕೆ, ತಿಥಿ ಕಾರ್ಡು, ನ್ಯಾಯಾಲಯಕ್ಕೆ ಸಲ್ಲಿಸುವ ಅಫಿಡವಿಟ್ಟು, ಸ್ವಸಹಾಯ ಸಂಘದ ಲೆಕ್ಕಪತ್ರ, ಚಿಕ್ಕಲ್ಲೂರು ಜಾತ್ರೆಯ ಬ್ಯಾನರು, ಊರಿನ ಕವಿಯೊಬ್ಬರ ಸಂಕಲನದ ಕರಡು, ಎಲ್ಲವೂ ಸಿದ್ಧವಾಗುವುದು ಇಲ್ಲೇ. ಹನೂರಿನ ಮುಖ್ಯರಸ್ತೆಯಲ್ಲೂ ಯಳಂದೂರಿನ ಗೌರೀಶ್ವರ ಗುಡಿಯ ಆಸುಪಾಸಿನಲ್ಲೂ ಇದೇ ಕಸುಬು. ಸರ್ಕಾರಿ ಕಚೇರಿಗಳದ್ದು ಬಿಟ್ಟರೆ ಈ ಮೂರು ತಾಲ್ಲೂಕುಗಳ ಕನ್ನಡ ಬರವಣಿಗೆ ಒಂದಲ್ಲ ಒಂದು ದಿನ ಇಂಥ ಅಂಗಡಿಯ ಕಂಪ್ಯೂಟರನ್ನು ಹಾದೇ ಹೋಗಬೇಕು. ಆ ಕಂಪ್ಯೂಟರುಗಳಲ್ಲಿ ಹತ್ತು ಹನ್ನೆರಡು ವರ್ಷ ದುಡಿದವು ಬೇಕಾದಷ್ಟಿವೆ. ‘ಸಿಸ್ಟಮ್ ಹ್ಯಾಂಗ್ ಆಯ್ತದ ಕನಾ, ಫಾರ್ಮೆಟ್ ಹೊಡ್ಸಬೇಕು’ ಎಂಬ ಮಾತು ಅಲ್ಲಿ ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಒಂದು ವರ್ಷದ ಮಟ್ಟಿಗೆ ಭದ್ರತಾ ಪರಿಷ್ಕರಣೆ ಪಡೆಯುವ ದಾರಿಯನ್ನು ಮೈಕ್ರೋಸಾಫ್ಟ್ ಇಟ್ಟಿತಾದರೂ ಅದು ವಾಯಿದೆ ಮುಂದೂಡಿದಂತೆಯೇ ಹೊರತು ಪರಿಹಾರವಲ್ಲ. ವಿಂಡೋಸ್ 11 ಹಾಕಿಸಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸುಮಾರಾಗಿ ಎಂಟನೆಯ ತಲೆಮಾರಿನದೋ ಆಮೇಲಿನದೋ ಆಗಿರಬೇಕು. ಚೆನ್ನಾಗಿ ಕೆಲಸ ಮಾಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕಿ ಹೊಸದಕ್ಕೆ ಸಾಲ ಮಾಡುವುದು ದಿನಕ್ಕೆ ನಾಲ್ಕು ಕಾಸು ನೋಡುವ ಅಂಗಡಿಗೆ ಸಣ್ಣ ಮಾತಲ್ಲ.

ಅದಕ್ಕೆ ಎರಡು ತಿಂಗಳು ಮೊದಲೇ, ಅದೇ ವರ್ಷದ ಆಗಸ್ಟ್ 9ರಂದು, ವಿಂಡೋಸ್ ಬದಲು ಬಳಸಬಹುದಾದ, ಲಿನಕ್ಸ್ ಆಧಾರಿತ ಮುಕ್ತ ಆಪರೇಟಿಂಗ್ ಸಿಸ್ಟಮ್ (ಓಎಸ್) ಡೆಬಿಯನ್ ತನ್ನ 13ನೆಯ ಆವೃತ್ತಿಯನ್ನು ಬಿಡುಗಡೆ ಮಾಡಿತ್ತು. ಅದರ ಹೆಸರು ಟ್ರಿಕ್ಸಿ. ಡೆಬಿಯನ್ ಆವೃತ್ತಿಗಳಿಗೆಲ್ಲ ‘ಟಾಯ್ ಸ್ಟೋರಿ’ ಸಿನಿಮಾದ ಗೊಂಬೆಗಳ ಹೆಸರಿಡುವ ರೂಢಿಯಿದೆ. ಟ್ರಿಕ್ಸಿ ಅಲ್ಲಿನ ನೀಲಿ ಬಣ್ಣದ ಮುಕ್ಕೊಂಬಿನ ಡೈನೊಸಾರ್. ಅದಕ್ಕೂ ಹಿಂದಿನದು 2023ರ ಜೂನಿನಲ್ಲಿ ಬಂದ ಬುಕ್‌ವರ್ಮ್. ಸದಾ ಬದಲಾಗುತ್ತಿರುವ, ಪ್ರಯೋಗಕ್ಕೆ ಮೀಸಲಾದ ಶಾಖೆಗೆ ಸಿಡ್ ಎಂದು ಹೆಸರು. ಸಿನಿಮಾದಲ್ಲಿ ಗೊಂಬೆಗಳನ್ನು ಮುರಿಯುವ ಪಕ್ಕದ ಮನೆಯ ಹುಡುಗ ಅವನು.

1993ರ ಆಗಸ್ಟ್ 16ರಂದು ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಡೆಬಿಯನ್ ಯೋಜನೆಯನ್ನು ಘೋಷಿಸಿದರು. ಇದಕ್ಕೆ ಒಡೆಯನಾದ ಕಂಪನಿಯಿಲ್ಲ. ಸಾವಿರದ ಆಸುಪಾಸಿನಷ್ಟು ಅಧಿಕೃತ ಡೆವಲಪರುಗಳು, ಅವರ ಹಿಂದೆ ಅನುವಾದಕರು, ಪರೀಕ್ಷಕರು, ಚಿತ್ರಕಾರರು ಸೇರಿ ಪ್ರಪಂಚದ ಬೇರೆಬೇರೆ ಮೂಲೆಗಳಿಂದ ಇದನ್ನು ನಡೆಸುತ್ತಾರೆ. ವರ್ಷಕ್ಕೊಮ್ಮೆ ಮತ ಹಾಕಿ ನಾಯಕರನ್ನು ಆರಿಸಿಕೊಳ್ಳುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಇವರ ವಾರ್ಷಿಕ ಸಮ್ಮೇಳನ ನೆರೆಯ ಕೇರಳದ ಕೊಚ್ಚಿಯಲ್ಲೇ ನಡೆಯಿತು. ಹೆಚ್ಚು ಜನ ಹೆಸರು ಕೇಳಿರುವ ಉಬುಂಟು ಬೆಳೆದದ್ದು ಡೆಬಿಯನ್ನಿನ ಬುಡದಿಂದ, ಲಿನಕ್ಸ್ ಮಿಂಟ್ ಬೆಳೆದದ್ದು ಉಬುಂಟುವಿನಿಂದ. ಟ್ರಿಕ್ಸಿಯಲ್ಲಿ 69,830 ತಂತ್ರಾಂಶ ಪೊಟ್ಟಣಗಳಿವೆ. ಅವುಗಳಲ್ಲಿ 14,100ಕ್ಕೂ ಹೆಚ್ಚು ಹೊಸವು. ಹಳತಾಗಿ ಕೈಬಿಟ್ಟವು ಎಂಟು ಸಾವಿರಕ್ಕೂ ಹೆಚ್ಚು. ಇವೆಲ್ಲ ಪರಸ್ಪರ ಹೊಂದಿಕೊಂಡು ನಡೆಯುತ್ತವೆಂದು ಖಾತ್ರಿಯಾಗುವವರೆಗೆ ಬಿಡುಗಡೆಯಿಲ್ಲ. ದಿನಾಂಕ ಹತ್ತಿರವಾಯಿತೆಂದು ದೋಷವನ್ನು ಮುಚ್ಚಿಹಾಕುವ ಪದ್ಧತಿ ಇಲ್ಲಿ ಇಲ್ಲ. ಈ ಒಂದು ಗುಣಕ್ಕಾಗಿಯೇ, ಕೆಲಸ ನಿಂತರೆ ಅಂದಿನ ಸಂಪಾದನೆಯೇ ನಿಲ್ಲುವ ಅಂಗಡಿಗೆ ಡೆಬಿಯನ್ ಒಪ್ಪುತ್ತದೆ.

ವಿಂಡೋಸ್ ಬಿಟ್ಟು ಬರುವವರು ಡೆಬಿಯನ್ನನ್ನು ಹೊಸದಾಗಿಯೇ ಹಾಕಿಕೊಳ್ಳಬೇಕು. ಈಗಾಗಲೇ ಡೆಬಿಯನ್ ಇರುವ ಯಂತ್ರದಲ್ಲಿ ಹಳೆಯ ಆವೃತ್ತಿಯಿಂದ ಹೊಸದಕ್ಕೆ ಹೋಗಲು ಎರಡು ದಾರಿ. ಒಂದು ಎಲ್ಲರೂ ಬಲ್ಲ ಫಾರ್ಮೆಟ್: ಎಲ್ಲ ಅಳಿಸಿ ಹೊಸದಾಗಿ ಹಾಕುವುದು. ಇನ್ನೊಂದು, ಇದ್ದದ್ದನ್ನು ಇದ್ದಲ್ಲೇ ಇಟ್ಟು, ಒಂದೊಂದು ಪೊಟ್ಟಣವನ್ನೂ ಹಳತರಿಂದ ಹೊಸತಕ್ಕೆ ದಾಟಿಸುವುದು. ಈ ಎರಡನೆಯ ದಾರಿಯಲ್ಲಿ ಡೆಬಿಯನ್ನಿಗೆ ದೊಡ್ಡ ಹೆಸರಿದೆ. ಕೊಳ್ಳೇಗಾಲದ ದೇವಾಂಗಪೇಟೆಯ ರೇಷ್ಮೆ ಮಗ್ಗಗಳನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಂದು ಹಾಸು ಮುಗಿದಾಗ ಮಗ್ಗದ ಅಣಿಯಲ್ಲಿ, ಅಚ್ಚಿನಲ್ಲಿ ಸಿಕ್ಕಿಕೊಂಡಿರುವ ಹಳೆಯ ಎಳೆಗಳನ್ನು ಕಿತ್ತೆಸೆಯುವುದಿಲ್ಲ. ಹೊಸ ಹಾಸಿನ ಸಾವಿರಾರು ಎಳೆಗಳ ತುದಿಯನ್ನು ಹಳೆಯ ಎಳೆಗಳ ತುದಿಗೆ ಒಂದೊಂದಾಗಿ ಕೆಚ್ಚುತ್ತಾರೆ. ಆಮೇಲೆ ಮೆಲ್ಲನೆ ಎಳೆದರೆ ಹೊಸ ಹಾಸು ಹಳೆಯ ದಾರಿಯಲ್ಲೇ ಬಂದು ಕೂರುತ್ತದೆ. ಅಂಚು, ಬುಟ್ಟಾ, ವಿನ್ಯಾಸ ಎಲ್ಲ ಹಾಗೇ ಉಳಿಯುತ್ತವೆ. ಕೆಚ್ಚುವುದಕ್ಕೆ ತಾಳ್ಮೆ ಬೇಕು. ಒಂದು ಎಳೆ ತಪ್ಪಿದರೂ ಸೀರೆಯಲ್ಲಿ ಕಾಣುತ್ತದೆ.

ಬುಕ್‌ವರ್ಮ್‌ನಿಂದ ಟ್ರಿಕ್ಸಿಗೆ ದಾಟುವ ಕೆಲಸದ ಕ್ರಮ ಹೀಗೆ. ಮೊದಲು ಕಡತಗಳ ಪ್ರತಿ ಹೊರಗಿನ ಡಿಸ್ಕಿಗೆ. ಇದನ್ನು ಬಿಟ್ಟು ಮುಂದೆ ಹೋಗುವಂತೆಯೇ ಇಲ್ಲ. ಆಮೇಲೆ ಬುಕ್‌ವರ್ಮ್‌ನ ಕೊನೆಯ ಪರಿಷ್ಕರಣೆಯವರೆಗೆ ತಂದು ನಿಲ್ಲಿಸಬೇಕು. ಹೊರಗಿನ ಆಕರಗಳಿಂದ ಹಾಕಿಕೊಂಡ ತಂತ್ರಾಂಶಗಳಿದ್ದರೆ ಅವನ್ನು ಸದ್ಯಕ್ಕೆ ಪಕ್ಕಕ್ಕಿಡಬೇಕು. ಆಕರಗಳ ಪಟ್ಟಿಯ ಕಡತವನ್ನು ತೆರೆದು, ‘ಬುಕ್‌ವರ್ಮ್’ ಎಂದಿರುವ ಕಡೆಯೆಲ್ಲ ‘ಟ್ರಿಕ್ಸಿ’ ಎಂದು ತಿದ್ದಬೇಕು. ಇಡೀ ಬದಲಾವಣೆಗೆ ಕೀಲಿಕೈ ಈ ಒಂದು ಪದದ ತಿದ್ದುಪಡಿ. ಮುಂದೆ ಆಪ್ಟ್ ಎಂಬ ಸಾಧನಕ್ಕೆ ಪಟ್ಟಿ ನವೀಕರಿಸಲು ಹೇಳಿ, ಮೊದಲು ಸಣ್ಣ ಅಪ್‌ಗ್ರೇಡ್, ಆಮೇಲೆ ಪೂರ್ಣ ಅಪ್‌ಗ್ರೇಡ್ ಎಂಬ ಎರಡು ಹಂತಗಳನ್ನು ನಡೆಸಬೇಕು. ಕಪ್ಪು ಪರದೆಯ ಮೇಲೆ ಪೊಟ್ಟಣಗಳ ಹೆಸರು ಸಾಲುಸಾಲಾಗಿ ಏರುತ್ತ ಹೋಗುತ್ತವೆ: ಬಿಚ್ಚಿದ್ದು, ಹಾಕಿದ್ದು, ಅಣಿಗೊಳಿಸಿದ್ದು.

ನಡುವೆ ಒಮ್ಮೊಮ್ಮೆ ಎಲ್ಲ ನಿಂತು ಒಂದು ಪ್ರಶ್ನೆ ಬರುತ್ತದೆ. ಈ ಸಂರಚನಾ ಕಡತವನ್ನು ನೀವು ಹಿಂದೆ ತಿದ್ದಿದ್ದೀರಿ, ಹೊಸ ಆವೃತ್ತಿಯೊಂದಿಗೆ ಬೇರೆ ಕಡತ ಬಂದಿದೆ, ಯಾವುದನ್ನು ಇಟ್ಟುಕೊಳ್ಳಲಿ ಎಂದು. ಉತ್ತರಿಸದೆ ಎಂಟರ್ ಒತ್ತಿದರೆ ಹಳೆಯದೇ ಉಳಿಯುತ್ತದೆ. ಎರಡರ ನಡುವಿನ ವ್ಯತ್ಯಾಸವನ್ನು ಸಾಲುಸಾಲಾಗಿ ತೋರಿಸು ಎಂದೂ ಕೇಳಬಹುದು. ಬಳಕೆದಾರ ಕೈಯಾರೆ ಮಾಡಿಕೊಂಡ ವ್ಯವಸ್ಥೆಯನ್ನು ಅವನ ಮಾತಿಲ್ಲದೆ ಅಳಿಸಬಾರದು ಎಂಬುದು ಡೆಬಿಯನ್ನಿನ ಲಿಖಿತ ನಿಯಮ. ಯಾರದೋ ಅಂಗಡಿಯಲ್ಲಿ ಪ್ರಿಂಟರಿಗಾಗಿ ಯಾರೋ ಹಾಕಿಟ್ಟ ಎರಡು ಸಾಲಿಗೂ ಇಷ್ಟು ಮರ್ಯಾದೆ ಕೊಡುವ ತಂತ್ರಾಂಶವನ್ನು ಮೆಚ್ಚದಿರುವುದು ಕಷ್ಟ.

ಕರೆಂಟು ಹೋದರೆ? ಹನೂರು ಕಡೆ ಈ ಪ್ರಶ್ನೆ ಮೊದಲು ಬರುವುದು ಸಹಜ. ಯುಪಿಎಸ್ ಇದ್ದರೆ ಒಳ್ಳೆಯದೇ. ಇಲ್ಲದೆ ನಡುದಾರಿಯಲ್ಲಿ ನಿಂತರೂ ಸಾಮಾನ್ಯವಾಗಿ ಎಲ್ಲ ಹಾಳಾಗುವುದಿಲ್ಲ. ಯಾವ ಪೊಟ್ಟಣ ಪೂರ್ತಿಯಾಗಿದೆ, ಯಾವುದು ಅರ್ಧಕ್ಕೆ ನಿಂತಿದೆ ಎಂಬ ಲೆಕ್ಕವನ್ನು ಡಿಪಿಕೆಜಿ ಎಂಬ ಒಳಸಾಧನ ಪ್ರತಿ ಹೆಜ್ಜೆಯಲ್ಲೂ ಬರೆದಿಡುತ್ತದೆ. ಮತ್ತೆ ಆನ್ ಮಾಡಿ, ಉಳಿದವನ್ನು ಅಣಿಗೊಳಿಸು ಎಂದು ಒಂದೇ ಆಜ್ಞೆ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಡೇಟಾ ಸಮಸ್ಯೆಗೂ ದಾರಿಯಿದೆ. ಹನೂರು ದಾಟಿ ಕೌದಳ್ಳಿ, ರಾಮಾಪುರದ ಕಡೆಗೆ, ಇನ್ನೂ ಮುಂದೆ ಮಲೆ ಮಹದೇಶ್ವರ ಬೆಟ್ಟದ ಕಾಡುದಾರಿಗೆ ಹೋದಂತೆ ಸಿಗ್ನಲ್ಲು ಬಂದು ಹೋಗಿ ಮಾಡುತ್ತದೆ. ಅಲ್ಲಿ ಒಂದೆರಡು ಜಿಬಿ ಇಳಿಸಿಕೊಳ್ಳುತ್ತ ಕೂರುವ ಬದಲು ಕೊಳ್ಳೇಗಾಲದಲ್ಲೇ ಡೆಬಿಯನ್ನಿನ ಮೊದಲ ಡಿವಿಡಿಯ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋಗಬಹುದು. ಅಂಗಡಿಯಲ್ಲಿ ನಾಲ್ಕು ಕಂಪ್ಯೂಟರುಗಳಿದ್ದರೆ ಒಂದರಲ್ಲಿ ಇಳಿಸಿದ ಪೊಟ್ಟಣಗಳನ್ನೇ ಉಳಿದ ಮೂರಕ್ಕೂ ಹಂಚಬಹುದು. ಪ್ರತಿ ಮಾಡುವುದಕ್ಕೆ, ಹಂಚುವುದಕ್ಕೆ ಯಾರ ಅಪ್ಪಣೆಯೂ ಬೇಡ. ಪರವಾನಗಿಯೇ ಆ ಹಕ್ಕನ್ನು ಕೊಟ್ಟಿದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡಬೇಕು. 32 ಬಿಟ್‌ನ ಹಳೆಯ ಯಂತ್ರಗಳಿಗೆ ಟ್ರಿಕ್ಸಿಯಲ್ಲಿ ಇನ್‌ಸ್ಟಾಲರೂ ಇಲ್ಲ, ಓಎಸ್ಸಿನ ತಿರುಳಾದ ಕರ್ನೆಲ್ಲೂ ಇಲ್ಲ. ಸುಮಾರು ಹದಿನೈದು ವರ್ಷ ಹಿಂದಿನ ಪುಟ್ಟ ನೆಟ್‌ಬುಕ್‌ಗಳಲ್ಲಿದ್ದ ಆಟಮ್ ಎನ್270 ಪ್ರೊಸೆಸರ್ ಶುದ್ಧ 32 ಬಿಟ್‌ನದು. ಅಂಥದ್ದಿದ್ದರೆ ಬುಕ್‌ವರ್ಮ್‌ನಲ್ಲೇ ಇರಬೇಕು. ಅದಕ್ಕೆ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ ಇದೆ. ಆದರೆ ಹಳೆಯ ಯಂತ್ರಗಳೆಲ್ಲ 32 ಬಿಟ್‌ನವಲ್ಲ. ಕೋರ್ 2 ಡುಯೊ ಪ್ರೊಸೆಸರುಗಳು 64 ಬಿಟ್‌ಗೆ ತಕ್ಕವೇ ಆದರೂ, ಅಂದು ಅಂಗಡಿಯವರು ಅವುಗಳಿಗೆ 32 ಬಿಟ್‌ನ ಓಎಸ್ ಹಾಕಿಕೊಟ್ಟದ್ದುಂಟು. ಅಂಥವಕ್ಕೆ ಮಾತ್ರ ಫಾರ್ಮೆಟ್ ಮಾಡಿ ಹೊಸದಾಗಿ ಟ್ರಿಕ್ಸಿ ಹಾಕುವುದೇ ದಾರಿ. ಎಕ್ಸ್‌ಎಫ್‌ಸಿಇಯಂಥ ಹಗುರ ಡೆಸ್ಕ್‌ಟಾಪ್ ಆರಿಸಿಕೊಂಡು, ಹಾರ್ಡ್ ಡಿಸ್ಕಿನ ಜಾಗಕ್ಕೆ ಒಂದು ಎಸ್‌ಎಸ್‌ಡಿ ಕೂರಿಸಿದರೆ ಆ ಯಂತ್ರ ಇನ್ನೂ ಕೆಲವು ವರ್ಷ ಲಗ್ನಪತ್ರಿಕೆ ಮಾಡುತ್ತದೆ.

ಇಷ್ಟಾದ ಮೇಲೆ ನಿಜವಾದ ವಿಷಯಕ್ಕೆ ಬರಬೇಕು, ಅದು ಕನ್ನಡದ್ದು.

ಡಿಟಿಪಿ ಅಂಗಡಿಯ ಡಿಸ್ಕಿನಲ್ಲಿ ಇಪ್ಪತ್ತು ವರ್ಷದ ಬರವಣಿಗೆಯಿರುತ್ತದೆ. ಅದರಲ್ಲಿ ಬಹಳಷ್ಟು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ, ಪೇಜ್‌ಮೇಕರ್, ಕೋರಲ್‌ಡ್ರಾ ಕಡತಗಳಲ್ಲಿ. ಆ ಫಾಂಟುಗಳು ಯುನಿಕೋಡಿಗೆ ಮೊದಲಿನ ಪದ್ಧತಿಯವು. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು, ಅಂದರೆ ತಲಕಟ್ಟು, ಕೊಂಬು, ಒತ್ತಕ್ಷರಗಳನ್ನು, ಕೂರಿಸಿದಂಥವು. ಫಾಂಟು ಇದ್ದರೆ ಕನ್ನಡ. ಇಲ್ಲದಿದ್ದರೆ ರೋಮನ್ ಅಕ್ಷರಗಳೂ ಗೀರು ಚುಕ್ಕಿಗಳೂ ಕಲಸಿಹೋದ, ಯಾರಿಗೂ ಓದಲಾಗದ ಸಾಲು. ಹೊಸ ಕಂಪ್ಯೂಟರಿನಲ್ಲಿ ಹಳೆಯ ಕಡತ ತೆರೆದ ಮೊದಲ ದಿನವೇ ಈ ಸಾಲು ಕಣ್ಣಿಗೆ ರಾಚುತ್ತದೆ. ತುಂಬ ಜನ ಲಿನಕ್ಸ್ ಬಿಟ್ಟು ಹಿಂದಕ್ಕೆ ಹೋಗುವುದು ಈ ಗಳಿಗೆಯಲ್ಲೇ. ‘ಇದ್ರಲ್ಲಿ ಕನ್ನಡ ಬರಲ್ಲ’ ಎಂದುಬಿಡುತ್ತಾರೆ.

ಹಾಗೆ ಬಿಡುವುದು ತಪ್ಪು ನಿರ್ಧಾರ. ಫಾಂಟಿನ ಟಿಟಿಎಫ್ ಕಡತಗಳನ್ನು ತಂದು ಡೆಬಿಯನ್ನಿಗೆ ಹಾಕಿದರೆ ಹಳೆಯ ವರ್ಡ್ ಕಡತ ಲಿಬ್ರೆಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶದಲ್ಲಿ ಕನ್ನಡವಾಗಿಯೇ ಕಾಣುತ್ತದೆ. ಕೋರಲ್‌ಡ್ರಾ ಕಡತಗಳನ್ನು ಲಿಬ್ರೆಆಫೀಸ್ ಡ್ರಾ 2012ರಿಂದಲೂ, ಪೇಜ್‌ಮೇಕರ್ ಕಡತಗಳನ್ನು 2015ರಿಂದಲೂ ತೆರೆಯುತ್ತದೆ. ಪುಟವಿನ್ಯಾಸ ಅಲ್ಲಿ ಇಲ್ಲಿ ಸರಿದಿರುತ್ತದೆ ನಿಜ, ಆದರೆ ಪಠ್ಯ ಕೈಗೆ ಸಿಗುತ್ತದೆ. ಸಿಕ್ಕ ಪಠ್ಯವನ್ನು ಯುನಿಕೋಡಿಗೆ ಬದಲಿಸಲು ಅರವಿಂದ ವಿ.ಕೆ. ಅವರು ಬರೆದು ಮುಕ್ತವಾಗಿ ಕೊಟ್ಟ ಪರಿವರ್ತಕವಿದೆ. ಗುಬ್ಬಿ, ನವಿಲು ಎಂಬ ಎರಡು ಮುಕ್ತ ಕನ್ನಡ ಫಾಂಟುಗಳನ್ನು ಕೊಟ್ಟವರೂ ಅವರೇ. ನವಿಲು ಕೈಬರಹದ ಶೈಲಿಯದು. ಎರಡೂ ಡೆಬಿಯನ್ನಿನ ಭಂಡಾರದಲ್ಲಿ ಸೇರಿವೆ. ಜೊತೆಗೆ ಲೋಹಿತ್ ಕನ್ನಡವೂ ಇದೆ. ಪುಟವಿನ್ಯಾಸಕ್ಕೆ ಸ್ಕ್ರೈಬಸ್ ಇದೆ. ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ಅದರ ಸ್ಥಿರ ಆವೃತ್ತಿ 1.6 ಬಂದದ್ದು 2024ರ ಜನವರಿಯಲ್ಲಿ. ಬುಕ್‌ವರ್ಮ್ ಹೊರಬಂದದ್ದು ಅದಕ್ಕೂ ಮೊದಲು. ಆದ್ದರಿಂದ ಕನ್ನಡ ಪುಸ್ತಕ ಮಾಡುವವರಿಗೆ ಟ್ರಿಕ್ಸಿಗೆ ದಾಟಲು ಇದೊಂದೇ ಕಾರಣ ಸಾಕು.

ಈ ಪಠ್ಯಗಳನ್ನು ಉಳಿಸಿಕೊಳ್ಳಬೇಕೆಂಬ ಮಾತು ಇಲ್ಲಿನವರಿಗೆ ಹೆಚ್ಚು ನಾಟಬೇಕು. ಯಳಂದೂರು ತಾಲ್ಲೂಕಿನ ಅಗರದಲ್ಲಿ 1898ರಲ್ಲಿ ಹುಟ್ಟಿದ ನಾಟಕಕಾರ ಸಂಸರು ಮೈಸೂರು ಅರಸರ ಚರಿತ್ರೆಯನ್ನು ಕುರಿತು 23 ನಾಟಕ ಬರೆದರೆಂದು ಹೇಳುತ್ತಾರೆ. ನಮಗೆ ಸಿಕ್ಕಿರುವುದು 6. ಉಳಿದವುಗಳ ಹಸ್ತಪ್ರತಿ ಇಲ್ಲ. ಅವರ ಕಾಲದಲ್ಲಿ ಪ್ರತಿ ಮಾಡುವುದು ಪ್ರಯಾಸದ ಕೆಲಸ. ಇಂದು ಪ್ರತಿ ಮಾಡುವುದು ಒಂದು ಕ್ಷಣದ ಕೆಲಸವಾಗಿದ್ದೂ, ನೀಲಗಾರರಿಂದ ಕೇಳಿ ಬರೆದುಕೊಂಡ ಮಂಟೇಸ್ವಾಮಿ ಕಥೆಯ ಸಾಲುಗಳು, ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ಸೋಲಿಗರಿಂದ ಸಂಗ್ರಹಿಸಿದ ಹಾಡುಗಳು, ಯಾರದೋ ಮನೆತನದ ಚರಿತ್ರೆ ಇಂಥವೆಲ್ಲ ಓದಲಾಗದ ಸಂಕೇತಗಳಲ್ಲಿ ಯಾವುದೋ ಡಿಸ್ಕಿನ ಮೂಲೆಯಲ್ಲಿ ಉಳಿದುಹೋದರೆ ಅದಕ್ಕೆ ಹೊಣೆ ನಾವೇ. ಓಎಸ್ ಬದಲಿಸುವ ದಿನ ಎಲ್ಲ ಕಡತಗಳನ್ನೂ ಒಮ್ಮೆ ಕೈಯಾಡಿಸಲೇಬೇಕಾಗುತ್ತದೆ. ಯಾವುದು ತೆರೆಯುತ್ತದೆ, ಯಾವುದು ತೆರೆಯುವುದಿಲ್ಲ ಎಂಬುದು ಆಗ ಗೊತ್ತಾಗುತ್ತದೆ. ಇಷ್ಟು ವರ್ಷ ಮುಂದೂಡಿದ ಯುನಿಕೋಡ್ ಪರಿವರ್ತನೆಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಬೇರೆ ಸಿಗುವುದಿಲ್ಲ.

ಟೈಪಿಂಗಿನ ಅಭ್ಯಾಸ ಬದಲಿಸಬೇಕಾಗಿಲ್ಲ. ನುಡಿಯಲ್ಲಿ ಕೈ ಪಳಗಿದವರ ಬೆರಳಿಗೆ ಗೊತ್ತಿರುವ, ಕೆ.ಪಿ. ರಾವ್ ಅವರ ಚಿಂತನೆಯಿಂದ ಬಂದ ಧ್ವನಿಯಾಧಾರಿತ ಕೀಲಿಮಣೆ ವಿನ್ಯಾಸ ‘ಕಗಪ’ ಎಂಬ ಹೆಸರಿನಲ್ಲಿ ಡೆಬಿಯನ್ನಿನಲ್ಲೇ ಇದೆ. ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡರೆ ಆಯಿತು, ಬೇರೆ ತಂತ್ರಾಂಶ ಹಾಕುವ ಗೊಡವೆಯಿಲ್ಲ.

ದಾಟಿದ ಮೇಲೆ ಒಂದು ಪರೀಕ್ಷೆ ಮಾಡುವುದು ಒಳ್ಳೆಯದು. ಖಾಲಿ ಪುಟದಲ್ಲಿ ‘ಸೂರ್ಯ’ ಎಂದು ಬರೆದು ಕೆಳಗೆ ‘ರ‍್ಯಾಲಿ’ ಎಂದು ಬರೆಯಬೇಕು. ಮೊದಲನೆಯದರಲ್ಲಿ ಅರ್ಕಾವತ್ತು ಬರಬೇಕು, ಎರಡನೆಯದರಲ್ಲಿ ರಕಾರಕ್ಕೆ ಯಕಾರದ ಒತ್ತು ಬರಬೇಕು. ಯುನಿಕೋಡಿನಲ್ಲಿ ಈ ವ್ಯತ್ಯಾಸವನ್ನು ಉಂಟುಮಾಡುವುದು ರಕಾರ ಮತ್ತು ಹಲಂತದ ನಡುವೆ ಕೂರುವ, ಕಣ್ಣಿಗೆ ಕಾಣದ ಒಂದು ಜೋಡಕ. ಫಾಂಟು, ಅಕ್ಷರ ಜೋಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶ, ಲಿಬ್ರೆಆಫೀಸ್ ಮೂರೂ ಒಂದೇ ಮಾತಿಗೆ ಬಂದರೆ ಮಾತ್ರ ‘ರ‍್ಯಾಲಿ’ ಸರಿಯಾಗಿ ಕಾಣುತ್ತದೆ. ಆಮೇಲೆ ‘ಲಕ್ಷ್ಮಿ’, ‘ರಾಷ್ಟ್ರ’, ‘ಸ್ತ್ರೀ’. ಇವನ್ನು ಪಿಡಿಎಫ್ ಮಾಡಿ, ಪ್ರಿಂಟು ತೆಗೆದು, ಕಾಗದದ ಮೇಲೂ ನೋಡಬೇಕು. ಪರದೆಯಲ್ಲಿ ಸರಿಯಿದ್ದದ್ದು ಕಾಗದದಲ್ಲಿ ಕೆಟ್ಟಿದ್ದರೆ ಲಗ್ನಪತ್ರಿಕೆಯ ಗಂಡಿನ ಕಡೆಯವರು ಸುಮ್ಮನಿರುವುದಿಲ್ಲ. ಪ್ರಿಂಟರಿನದ್ದೂ ಒಂದು ತೊಡಕಿದೆ. ಹೊಸ ಪ್ರಿಂಟರುಗಳು ಡ್ರೈವರಿಲ್ಲದೆಯೇ ನಡೆಯುತ್ತವೆ, ಕೆಲವು ಹಳೆಯ ಲೇಸರ್ ಪ್ರಿಂಟರುಗಳು ಮಾತ್ರ ಹಟ ಮಾಡುತ್ತವೆ. ಬೆರಳಚ್ಚಿನ ಸಾಧನಗಳ ತಂತ್ರಾಂಶವೂ ಹೆಚ್ಚಾಗಿ ವಿಂಡೋಸ್, ಆಂಡ್ರಾಯ್ಡ್‌ಗಳಿಗೇ ಸಿಗುತ್ತದೆ. ಆಧಾರ್ ಬೆರಳಚ್ಚಿನ ಕೆಲಸವಿರುವ ಅಂಗಡಿ ಅದಕ್ಕೆಂದು ಒಂದು ಯಂತ್ರವನ್ನು ಬೇರೆ ಇಟ್ಟುಕೊಳ್ಳುವುದೇ ವಿವೇಕ.

ಡೆಬಿಯನ್ನಿನ ಚಿತ್ರಾತ್ಮಕ ಇನ್‌ಸ್ಟಾಲರಿನಲ್ಲಿ ಭಾಷೆಗಳ ಪಟ್ಟಿ ತೆರೆದರೆ ‘ಕನ್ನಡ’ ಇದೆ. ಅದು ಸೇರಿದ್ದು 2011ರ ಫೆಬ್ರವರಿಯಲ್ಲಿ ಬಂದ ಸ್ಕ್ವೀಜ್ ಆವೃತ್ತಿಯಲ್ಲಿ. ಮೊದಲ ಪರದೆಯಿಂದಲೇ ಕನ್ನಡದಲ್ಲಿ ಪ್ರಶ್ನೆ ಕೇಳುವ ಆಪರೇಟಿಂಗ್ ಸಿಸ್ಟಮ್ಮನ್ನು ಹಣಕ್ಕಾಗಿ ಅಲ್ಲದೆ, ಬೇಕೆಂಬ ಕಾರಣಕ್ಕೇ ಒಂದಷ್ಟು ಜನ ಕೂತು ಮಾಡಿದರು. ಗ್ನೋಮ್ ಡೆಸ್ಕ್‌ಟಾಪಿನ ಕನ್ನಡದ ಹಿಂದೆ ಅನುವಾದಕ ಶಂಕರ್ ಪ್ರಸಾದ್ ಅವರ ವರ್ಷಗಟ್ಟಲೆ ದುಡಿಮೆಯಿದೆ. ಓಂಶಿವಪ್ರಕಾಶ್ ‘ಲಿನಕ್ಸಾಯಣ’ ಎಂಬ ಹೆಸರಿನಲ್ಲಿ ಕನ್ನಡದಲ್ಲೇ ಲಿನಕ್ಸಿನ ಪಾಠ ಬರೆದರು. ಈ ಹೆಸರುಗಳು ಕನ್ನಡ ಸಾಹಿತ್ಯದ ಚರ್ಚೆಗಳಲ್ಲಿ ಬರುವುದಿಲ್ಲ. ಬರಬೇಕು.

ಆದರೆ ಅನುವಾದ ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ಮೂಲದ ಇಂಗ್ಲಿಷ್ ಸಾಲನ್ನು ಯಾರೋ ಸ್ವಲ್ಪ ತಿದ್ದುತ್ತಾರೆ. ಆಗ ಅದರ ಕನ್ನಡ ರೂಪಕ್ಕೆ ‘ಅಸ್ಪಷ್ಟ’ ಎಂಬ ಗುರುತು ಬೀಳುತ್ತದೆ. ಅದನ್ನು ಕನ್ನಡದವರೊಬ್ಬರು ನೋಡಿ ಒಪ್ಪುವವರೆಗೆ ಪರದೆಯ ಮೇಲೆ ಆ ಕನ್ನಡ ಬರುವುದಿಲ್ಲ, ಇಂಗ್ಲಿಷ್ ಸಾಲೇ ಬರುತ್ತದೆ. ಹೊಸದಾಗಿ ಸೇರಿದ ಸಾಲುಗಳ ಗತಿಯೂ ಅದೇ. ನೋಡುವವರು ಇಲ್ಲದಿದ್ದರೆ ಆವೃತ್ತಿಯಿಂದ ಆವೃತ್ತಿಗೆ ಮೆನುಗಳಲ್ಲಿ ಕನ್ನಡ ತೆಳುವಾಗುತ್ತ ಹೋಗುತ್ತದೆ. ಯಾರೂ ಅದನ್ನು ತೆಗೆದುಹಾಕಿದ್ದಲ್ಲ. ಕಾಯುವವರಿಲ್ಲದೆ ಅದು ಜಾರಿದ್ದು. ಹೊಸ ಆವೃತ್ತಿಗೆ ದಾಟಿದವರು ಅರ್ಧ ಕನ್ನಡ, ಅರ್ಧ ಇಂಗ್ಲಿಷಿನ ಪರದೆ ನೋಡಿ ಬೇಸರದಿಂದ ಇಂಗ್ಲಿಷಿಗೇ ಬದಲಿಸಿಕೊಳ್ಳುತ್ತಾರೆ. ಬಳಸುವವರು ಕಡಿಮೆಯಾದಷ್ಟೂ ನೋಡುವವರೂ ಕಡಿಮೆ. ಕನ್ನಡದ ಡೆಸ್ಕ್‌ಟಾಪಿಗೆ ನಿಜವಾದ ಅಪಾಯ ಇದು. ಕಂಪನಿಗಳನ್ನೂ ಸರ್ಕಾರವನ್ನೂ ದೂರಿದರೆ ಪರಿಹಾರವಾಗುವಂಥದ್ದಲ್ಲ.

ನೆರೆಹೊರೆಯನ್ನು ನೋಡಬಹುದು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಂಪ್ಯೂಟರ್ ಕಲಿಯುವುದೇ ಲಿನಕ್ಸಿನಲ್ಲಿ. ಕೇರಳದ ಶಿಕ್ಷಣ ಇಲಾಖೆಯ ಕೈಟ್ ಸಂಸ್ಥೆ ಶಾಲೆಗಳಿಗೆಂದೇ ತನ್ನ ಗ್ನೂ/ಲಿನಕ್ಸ್ ಸಿದ್ಧಪಡಿಸುತ್ತದೆ. ಉಬುಂಟು 22.04ನ್ನು ಆಧರಿಸಿದ ಅದರ ಆವೃತ್ತಿ ಬಂದದ್ದು 2024ರಲ್ಲಿ. ಹನೂರಿನ ಗಡಿಯಾಚೆಯ ತಮಿಳುನಾಡು 2011ರಲ್ಲಿ ಶುರುಮಾಡಿದ ಉಚಿತ ಲ್ಯಾಪ್‌ಟಾಪ್ ಯೋಜನೆಯಲ್ಲಿ ವಿಂಡೋಸ್ ಜೊತೆಗೆ ಬಾಸ್ ಲಿನಕ್ಸನ್ನೂ ಹಾಕಿಕೊಟ್ಟಿತು. ಸಿ-ಡ್ಯಾಕ್ ಮಾಡಿದ ಬಾಸ್‌ನ ಬುಡವೂ ಡೆಬಿಯನ್ನೇ. ಇನ್ನೂ ಹತ್ತಿರದ ಒಂದು ನಿದರ್ಶನವಿದೆ. ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಟಿಬೆಟಿಯನ್ನರ ವಸತಿಯಿದೆ. ಅವರ ಲಿಪಿಯಲ್ಲಿ ಅಕ್ಷರಗಳು ಒಂದರ ಕೆಳಗೊಂದು ಪೇರಿಕೊಳ್ಳುತ್ತವೆ. ಕಂಪ್ಯೂಟರಿಗೆ ಅದು ನಮ್ಮ ಒತ್ತಕ್ಷರಗಳಷ್ಟೇ ಕಷ್ಟದ್ದು. ಅದೇ ಲಿಪಿಯನ್ನು ಬಳಸುವ ಝೋಂಗ್ಖಾ ಭಾಷೆಗಾಗಿ ಭೂತಾನದವರು 2006ರಲ್ಲಿ ಡೆಬಿಯನ್ ಆಧರಿಸಿದ ಝೋಂಗ್ಖಾ ಲಿನಕ್ಸ್ ಹೊರತಂದರು. ಡೆಬಿಯನ್ ಇನ್‌ಸ್ಟಾಲರಿನ ಪಟ್ಟಿಯಲ್ಲಿ ಕನ್ನಡಕ್ಕಿಂತ ಮೊದಲೇ ಝೋಂಗ್ಖಾ ಬಂದು ಕೂತಿತ್ತು. ಹತ್ತು ಲಕ್ಷವೂ ಜನಸಂಖ್ಯೆಯಿಲ್ಲದ ನಾಡು ಅದು. ಕೋಟಿಗಟ್ಟಲೆ ಜನ ಮಾತಾಡುವ ಕನ್ನಡಕ್ಕೆ ಜನಬಲದ ಕೊರತೆ ಎಂದು ಹೇಳುವಂತಿಲ್ಲ.

ಮುಂದಿನ ಡೆಬಿಯನ್ 14ರ ಹೆಸರು ಫೋರ್ಕಿ. 2021, 2023, 2025 ಎಂದು ಎರಡು ವರ್ಷಕ್ಕೊಮ್ಮೆ ಬಂದ ಲಯ ತಪ್ಪದಿದ್ದರೆ ಅದು 2027ರಲ್ಲಿ ಬರಬೇಕು. ಬಿಡುಗಡೆಗೆ ಮೊದಲು ಹಲವು ತಿಂಗಳು ಹೊಸದೇನನ್ನೂ ಸೇರಿಸದೆ ತಪ್ಪು ತಿದ್ದುವುದಕ್ಕೆಂದೇ ಮೀಸಲಿಡುತ್ತಾರೆ. ಟ್ರಿಕ್ಸಿಗೆ ಈ ಅವಧಿ 2025ರ ಮಾರ್ಚ್ 15ಕ್ಕೆ ಶುರುವಾಗಿತ್ತು. ‘ರ‍್ಯಾಲಿ’ ಸರಿಯಾಗಿ ಮೂಡುತ್ತಿಲ್ಲ, ಕಗಪದಲ್ಲಿ ಒಂದು ಕೀಲಿ ತಪ್ಪು ಅಕ್ಷರ ಕೊಡುತ್ತಿದೆ, ಇನ್‌ಸ್ಟಾಲರಿನ ಇಂಥ ಸಾಲು ಕನ್ನಡದಲ್ಲಿಲ್ಲ ಎಂಬುದನ್ನು ಹೇಳಬೇಕಾದ ಸಮಯ ಅದೇ. ಬಿಡುಗಡೆಯಾದ ಮೇಲೆ ಹೇಳಿದರೆ ಸ್ಥಿರ ಆವೃತ್ತಿಯಲ್ಲಿ ಸಣ್ಣಪುಟ್ಟ ತಿದ್ದುಪಡಿ ಆದೀತೇ ಹೊರತು ದೊಡ್ಡ ಬದಲಾವಣೆಗೆ ಮತ್ತೆ ಎರಡು ವರ್ಷ ಕಾಯಬೇಕು. ದೋಷ ತಿಳಿಸುವುದಕ್ಕೆ ಡೆಬಿಯನ್ನಿನಲ್ಲೇ ರಿಪೋರ್ಟ್‌ಬಗ್ ಎಂಬ ಸಾಧನವಿದೆ, ಒಂದು ಇಮೇಲ್ ವಿಳಾಸವಿದ್ದರೆ ಸಾಕು. ಈವರೆಗೆ ಬಂದ ದೋಷವರದಿಗಳ ಕ್ರಮಸಂಖ್ಯೆ 11 ಲಕ್ಷ ದಾಟಿದೆ. ಅನುವಾದಕ್ಕೆ ಪ್ರೋಗ್ರಾಮಿಂಗ್ ಗೊತ್ತಿರಬೇಕಾಗಿಲ್ಲ. ಲಿಬ್ರೆಆಫೀಸಿನ ಸಾಲುಗಳನ್ನು ವೆಬ್ಲೇಟ್ ಎಂಬ ಅನುವಾದ ಸಾಧನದ ಮೂಲಕ ಬ್ರೌಸರಿನಲ್ಲೇ ಅನುವಾದಿಸಬಹುದು.

ಕೊಳ್ಳೇಗಾಲದ ಮಹದೇಶ್ವರ ಕಾಲೇಜಿನಲ್ಲಿ, ಹನೂರು ಮತ್ತು ಯಳಂದೂರಿನ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಕನ್ನಡ ಓದುವವರೂ ಇದ್ದಾರೆ, ಕಂಪ್ಯೂಟರ್ ಓದುವವರೂ ಇದ್ದಾರೆ. ಡಿಟಿಪಿ ಅಂಗಡಿಗಳಲ್ಲಿ ಕನ್ನಡದ ಒತ್ತಕ್ಷರ ಎಲ್ಲಿ ಕೆಡುತ್ತದೆಂದು ದಿನವೂ ಕಣ್ಣಾರೆ ಕಾಣುವವರಿದ್ದಾರೆ. ಈ ಮೂವರು ಒಂದು ಭಾನುವಾರ ಒಂದೇ ಮೇಜಿನ ಸುತ್ತ ಕೂತು, ಫೋರ್ಕಿಯ ಪರೀಕ್ಷಾ ಆವೃತ್ತಿಯನ್ನು ಒಂದು ಹಳೆಯ ಕಂಪ್ಯೂಟರಿಗೆ ಹಾಕಿ ನೋಡಲಿ. ಕಂಡ ತಪ್ಪುಗಳನ್ನು ಬರೆದು ಕಳಿಸಲಿ. 2027ರ ಬಿಡುಗಡೆಗೆ ಇನ್ನೂ ಸಮಯವಿದೆ.